ಟ್ಯಾಂಕಿಗೆ ಹೊಸ ರಿಮೋಟು

ಕಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಕಟಕ್, ಕಟಕ್.

ಮಧ್ಯರಾತ್ರಿ ದಾಟಿತ್ತು. ಪಕ್ಕದ ಹಾಸಿಗೆ ಖಾಲಿ. ಹೊರಗಿನ ಕೋಣೆಯ ಬಾಗಿಲ ಸಂದಿಯಲ್ಲಿ ಬೆಳಕು. ನನ್ನ ಗಂಡ ಶಿವರಾಜ ತಮ್ಮ ಆಟಿಕೆ ಟ್ಯಾಂಕಿನ ತೋಪನ್ನು ರಿಮೋಟಿನಿಂದ ತಿರುಗಿಸುತ್ತಿದ್ದರು. ತೋಪು ಒಂದು ಜಾಗಕ್ಕೆ ಬಂದು ನಿಲ್ಲಬೇಕು, ಅದು ದಾಟಿ ಹೋಗುತ್ತಿತ್ತು. ಹಿಂದಕ್ಕೆ ತಂದರೆ ಈ ಕಡೆಗೆ ದಾಟುತ್ತಿತ್ತು. ಪ್ರತಿ ಸಲವೂ ಒಳಗಿನ ಪ್ಲಾಸ್ಟಿಕ್ ಗೇರು ಸದ್ದು ಮಾಡುತ್ತಿತ್ತು. ನಾನು ಏಳಲಿಲ್ಲ. ತಪ್ಪುತ್ತಿರುವುದು ಟ್ಯಾಂಕೋ, ಇವರ ಕೈಯೋ ಎಂದು ಕಿವಿಗೊಟ್ಟು ಮಲಗಿದೆ.

ಮೊಣಕೈಯಷ್ಟು ಉದ್ದದ, ಹಸಿರು ಬಣ್ಣದ ಟ್ಯಾಂಕು ಅದು. ಎರಡು ವರ್ಷದ ಹಿಂದೆ, ದೀಪಾವಳಿ ಬೋನಸ್ ಬಂದಾಗ ಲಕ್ಷ್ಮೀ ರಸ್ತೆಯಿಂದ ಹೊತ್ತು ತಂದಿದ್ದರು. ನಲವತ್ತೆಂಟು ವರ್ಷದ ಗಂಡಸು ಕೋಥರೂಡದ ನಮ್ಮ ಬಿಲ್ಡಿಂಗಿನ ಗಚ್ಚಿಯ, ಅಂದರೆ ತಾರಸಿಯ, ಮೇಲೆ ಆಟಿಕೆ ಓಡಿಸುತ್ತಾನೆಂದು ಕೆಳಗಿನ ಮನೆಯವರು ನಕ್ಕರು. ನಾನು ನಗಲಿಲ್ಲ. ಇವರ ಕೆಲಸವೇ ಅಂಥದು. ಭೋಸರಿಯ ಒಂದು ಎರಕದ ಕಾರ್ಖಾನೆಯಲ್ಲಿ, ಛಾವಣಿಗೆ ತಾಗಿದಂತಿರುವ ಗೂಡಿನಲ್ಲಿ ಕೂತು ಕ್ರೇನ್ ನಡೆಸುತ್ತಾರೆ. ಕರಗಿದ ಕಬ್ಬಿಣ ತುಂಬಿದ ದೊಡ್ಡ ಬಕೆಟ್ಟನ್ನು, ಅವರ ಮಾತಿನಲ್ಲಿ ಲ್ಯಾಡಲ್, ಭಟ್ಟಿಯಿಂದ ಎತ್ತಿ ಅಚ್ಚುಗಳ ಮೇಲೆ ತಂದು ನಿಲ್ಲಿಸಬೇಕು. ಕೆಳಗೆ ಒಬ್ಬ ಅದರ ಚಕ್ರ ತಿರುವಿ ಕಬ್ಬಿಣ ಸುರಿಯುತ್ತಾನೆ. ದಿನವಿಡೀ ಎರಡು ಹಿಡಿಕೆಗಳ ಮೇಲೆ ಕೈ ಇಟ್ಟವನಿಗೆ ರಜೆಯ ದಿನವೂ ಬೆರಳಿಗೆ ಏನಾದರೂ ಬೇಕು.

ಕೆಳಗೆ ನಿಂತು ಸುರಿಯುವವನು ಮಾಂತು. ಗೋಕಾಕದ ಕಡೆಯ ಹುಡುಗ. ಈಗ ಹುಡುಗನೇನಲ್ಲ, ಒಂದು ಮಗುವಿನ ತಂದೆ. ಕಾರ್ಖಾನೆಗೆ ಸೇರಿಸಿದ್ದೇ ಇವರು. ಇವರನ್ನು ಅಣ್ಣಾ, ನನ್ನನ್ನು ವೈನಿ ಎನ್ನುತ್ತಾನೆ. ಭಾನುವಾರ ಬಂದರೆ ಊಟ ಮಾಡದೆ ಹೋಗುವುದಿಲ್ಲ.

ಆ ರಾತ್ರಿಗೆ ಕೆಲವು ವಾರ ಮೊದಲು, ಬೇಸಿಗೆಯ ಒಂದು ಬೆಳಿಗ್ಗೆ ಇವರು ಪೇಪರು ಓದುತ್ತ ಕೂತಿದ್ದರು. ಪೇಪರಿನ ಬಲ ಅಂಚು ಪಟಪಟ ಅಲುಗುತ್ತಿತ್ತು. ಫ್ಯಾನಿನ ಗಾಳಿ ಎಂದುಕೊಂಡು ಫ್ಯಾನ್ ಆರಿಸಿದೆ. ಎಡ ಅಂಚು ನಿಂತಿತು. ಬಲ ಅಂಚು ನಿಲ್ಲಲಿಲ್ಲ.

"ಸೆಕಿ ಆಗ್ತದ, ಫ್ಯಾನ್ ಯಾಕ ಬಂದ್ ಮಾಡಿದಿ?" ಎಂದರು.

ನಾನು ಮತ್ತೆ ಹಾಕಿದೆ.

ಅಂದಿನಿಂದ ಬಲಗೈಯ ಹೆಬ್ಬೆರಳನ್ನು ನೋಡುವುದೇ ನನ್ನ ಕೆಲಸವಾಯಿತು. ಚಹಾದ ಬಸಿ ಹಿಡಿದಾಗ, ಅಂಗಿಯ ಗುಂಡಿ ಹಾಕುವಾಗ. ಕೆಲವು ದಿನ ಏನೂ ಇರುತ್ತಿರಲಿಲ್ಲ. ನನ್ನದೇ ಭ್ರಮೆ ಎಂದು ಸಮಾಧಾನಪಡುತ್ತಿದ್ದೆ. ಮರುದಿನ ಕಾಣುತ್ತಿತ್ತು. ಇವರು ಮಾತ್ರ ಅದರ ಸುದ್ದಿ ಎತ್ತಲಿಲ್ಲ. ಟ್ಯಾಂಕು ಜರ್ಕು ಹೊಡೆದರೆ ಟ್ಯಾಂಕನ್ನು ಬಯ್ಯುತ್ತಿದ್ದರು.

"ಈ ರಿಮೋಟ್ ಸೆಟ್ಟಿನ ಗುಣಾನ ಹಂಗ, ರೇಣೂ. ದೀಪದ ಬಟನ್ ಇದ್ದಂಗ. ಒತ್ತಿದ್ರ ಪೂರಾ ಓಡ್ತದ, ಬಿಟ್ರ ಗಪ್ಪನ ನಿಂದರ್ತದ. ಹೊಸಾ ರಿಮೋಟು ಬಂದಾವ, ನಳ ಇದ್ದಂಗ. ಎಷ್ಟು ತಿರುವ್ತಿ ಅಷ್ಟ ನೀರು. ಬೆರಳು ಕೂದಲಿನಷ್ಟು ಸರಿಸಿದ್ರ ಟ್ಯಾಂಕೂ ಕೂದಲಿನಷ್ಟ ಸರೀತದ."

ನಾನು ಕಾಲೇಜಿನಲ್ಲಿ ಓದಿದ್ದು ವಿಜ್ಞಾನವಲ್ಲ. ಆದರೂ ಒಂದು ಮಾತು ತಕ್ಷಣ ಹೊಳೆಯಿತು. ದೀಪದ ಬಟನ್ನನ್ನು ನಡುಗುವ ಕೈ ಒತ್ತಿದರೂ ದೀಪ ಹತ್ತುತ್ತದೆ. ನಳ ಹಾಗಲ್ಲ. ಹೊಸ ರಿಮೋಟು ಬಂದರೆ ಬೆರಳಿನದೆಲ್ಲ ಟ್ಯಾಂಕಿನಲ್ಲಿ ಕಾಣುತ್ತದೆ.

ಅದಕ್ಕೇ ಬೇಡವೆಂದೆ. ಖರ್ಚಿನ ನೆಪ ಸಿಕ್ಕಿತು, ಅದೇನು ಸುಳ್ಳು ನೆಪವೂ ಅಲ್ಲ. ಪ್ಲಾಸ್ಟಿಕ್ ಗೇರು ಸವೆದಿದೆ, ಲೋಹದ್ದು ಹಾಕಬೇಕು. ಲೋಹದ್ದು ಹಾಕಿದರೆ ಚಕ್ರಗಳ ಮೇಲಿನ ಪ್ಲಾಸ್ಟಿಕ್ ಪಟ್ಟಿ ತಾಳುವುದಿಲ್ಲ, ಪಟ್ಟಿಯೂ ಲೋಹದ್ದೇ ಬೇಕು. ಭಾರ ಹೆಚ್ಚಾದರೆ ಮೋಟರು ಸಾಲದು, ಮೋಟರು ದೊಡ್ಡದಾದರೆ ಬ್ಯಾಟರಿ ಸಾಲದು. ಎಲ್ಲದರ ಮೇಲೆ ರಿಮೋಟು.

"ಇಷ್ಟಕ್ಕ ಹೊಸಾ ಟ್ಯಾಂಕ್ ಬರ್ತದಲ್ರೀ," ಎಂದೆ.

"ಹೊಸಾದು ತಂದ್ರ ಇದನ್ನೇನು ಮಾಡೂದು?"

"ಶೋಕೇಸಿನ್ಯಾಗ ಇಡೂದು. ಮಿಕ್ಸರ್ ತಗೋಳಿಕ್ಕ ಆರು ತಿಂಗಳು ವಿಚಾರ ಮಾಡಿದವರು ನೀವು. ಇದಕ್ಕ ಒಂದ ಸಂಜೀನ್ಯಾಗ ಲೆಕ್ಕಾ ಹಾಕಿದ್ರಿ."

"ಮಿಕ್ಸರ್ ನನ್ನ ಮಾತು ಕೇಳಂಗಿಲ್ಲಲ್ಲ."

"ಟ್ಯಾಂಕ್ ಕೇಳ್ತದೇನು? ಈಗ ಗೇರ್ ಹಾಕಿಸ್ರಿ ಬೇಕಾದ್ರ. ರಿಮೋಟು ಮುಂದ ನೋಡೂಣು."

ಇವರು ನನ್ನ ಮುಖ ನೋಡಿದರು. "ಗೇರಿಗೆ ಹೂಂ ಅಂತಿ, ಪಟ್ಟಿಗೆ ಹೂಂ ಅಂತಿ. ರಿಮೋಟಿಗೆ ಮಾತ್ರ ಊಹೂಂ. ಯಾಕ?"

"ಅದ ತುಟ್ಟಿ ಅದಲ್ಲ, ಅದಕ್ಕ."

ಅದು ಮೋಟರಿಗಿಂತ ಅಗ್ಗ ಎಂಬುದು ಇಬ್ಬರಿಗೂ ಗೊತ್ತಿತ್ತು. ನಾನು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಮುಂದಿನ ಭಾನುವಾರ ಮಾಂತು ಬಂದಾಗ ಅವನ ಎಡ ಮುಂಗೈಗೆ ಪಟ್ಟಿ ಕಟ್ಟಿತ್ತು.

"ಏನಾತೋ?"

"ಏನಿಲ್ಲ ವೈನಿ, ಕಬ್ಬಿಣ ಮುದ್ದು ಕೊಟ್ಟು ಹೋತು." ನಗುತ್ತ ಬಾಗಿಲ ಬಳಿ ಚಪ್ಪಲಿ ಬಿಟ್ಟ. "ಲ್ಯಾಡಲ್ ಜರಾ ಕುಣೀತು. ನಾಕು ಹನಿ ಕೈಗವಸಿನ ಒಳಗ ಸಿಡದ್ವು. ನಮ್ಮಾಕಿ ಎರಡು ದಿನದಿಂದ ಮಾತು ಬಿಟ್ಟಾಳ. ಒಂದ್ ಲೆಕ್ಕಕ್ಕ ಛಲೋನ ಆತು."

"ಕ್ರೇನಿನ ಬ್ರೇಕ್ ಸರಿ ಇಲ್ಲ," ಎಂದರು ಇವರು, ತಲೆ ಎತ್ತದೆ. "ಮೆಂಟೆನನ್ಸಿನವರಿಗೆ ಹೇಳೇನಿ."

"ಅವ್ರು ನೋಡಿ ಹೋದ್ರಲ್ಲ ಅಣ್ಣಾ, ಏನೂ ಆಗಿಲ್ಲ ಅಂದ್ರು."

"ಅವ್ರಿಗೇನು ತಿಳೀತದ?"

ನಾನು ರೊಟ್ಟಿ ಬಡಿಸುತ್ತಿದ್ದೆ. ಮಾಂತುವಿನ ಪಟ್ಟಿಯ ಅಂಚಿನಲ್ಲಿ ಹಳದಿ ಮುಲಾಮು ಇಣುಕುತ್ತಿತ್ತು. ಸೆಟ್ಟು ಸರಿ ಇಲ್ಲ. ಬ್ರೇಕು ಸರಿ ಇಲ್ಲ. ಇವರು ಸುಳ್ಳು ಹೇಳುವ ಮನುಷ್ಯರಲ್ಲ, ನಂಬಿಯೇ ಹೇಳುತ್ತಿದ್ದರು. ಅದೇ ನನ್ನನ್ನು ಹೆದರಿಸಿತು. ಕೈಯ ವಿಷಯ ಇವರಿಗೆ ತಿಳಿದರೆ ಇಪ್ಪತ್ತು ವರ್ಷದ ಗೂಡು ಹೋಗುತ್ತದೆ, ಆ ಗೂಡಿನಲ್ಲಿ ಕೂತ ಮನುಷ್ಯನೂ ಅರ್ಧ ಹೋಗುತ್ತಾನೆ. ತಿಳಿಯದಿದ್ದರೆ ಕೆಳಗೆ ಮಾಂತು ನಿಂತಿದ್ದಾನೆ. ನಾನು ಬಾಯಿಬಿಟ್ಟು ಹೇಳಿದರೆ ನಂಬುವುದಿಲ್ಲ. ಫ್ಯಾನು ಎನ್ನುತ್ತಾರೆ, ನಿದ್ದೆಗೇಡು ಎನ್ನುತ್ತಾರೆ, ನಿನಗೆ ಎಲ್ಲದಕ್ಕೂ ಹೆದರಿಕೆ ಎನ್ನುತ್ತಾರೆ. ಆ ಕೊನೆಯದು ನಿಜವೂ ಹೌದು.

ಮಾಂತು ಕೈ ತೊಳೆಯಲು ಎದ್ದಾಗ ಹೇಳಿದೆ: "ಆ ರಿಮೋಟು ತರಿಸಿಬಿಡ್ರಿ."

"ಈಗ? ತುಟ್ಟಿ ಅಂದಿದ್ದಿ."

"ತುಟ್ಟೀನ ಅದ. ಆದ್ರೂ ತರಿಸ್ರಿ. ಉಳಿದದ್ದು ಯಾವುದೂ ಇಲ್ಲದಿದ್ರೂ ನಡೀತದ."

"ಏ ಮಾಂತೂ, ಕೇಳಿದೇನು?" ಇವರು ಬಚ್ಚಲಿನ ಕಡೆಗೆ ಕೂಗಿದರು. "ನಿಮ್ಮ ವೈನಿ ಖಜಾನಿ ತೆರೆದಳೋ!" ಇವರಿಗೆ ಆದ ಖುಷಿಯನ್ನು ನೋಡಲಾಗದೆ ನಾನು ರೊಟ್ಟಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ.

ಮುಂಬಯಿಯ ಅಂಗಡಿಯಿಂದ ಪಾರ್ಸೆಲ್ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಲೋಹದ ಗೇರೂ ಬಂದಿತ್ತು, ಆಸೆ ತಡೆಯದೆ ತರಿಸಿದ್ದರು. ಸಣ್ಣ ತಂತಿಗಳನ್ನು ಬೆಸುಗೆ ಹಾಕಲು ಮಾಂತುವಿನ ಕೈಗೇ ಕೊಟ್ಟರು. "ಕಣ್ಣು ಸರಿ ಕಾಣಂಗಿಲ್ಲ ಈಗ," ಎಂದರು. ಮೂವರೂ ಗಚ್ಚಿಗೆ ಹೋದೆವು. ಮಾಂತು ಇಟ್ಟಿಗೆ ಚೂರುಗಳನ್ನು ಎರಡು ಸಾಲಾಗಿ ಇಟ್ಟು ನಡುವೆ ಇಕ್ಕಟ್ಟಾದ ದಾರಿ ಮಾಡಿದ.

ಮೊದಲು ಇವರು ಓಡಿಸಿದರು. ಟ್ಯಾಂಕು ಸದ್ದಿಲ್ಲದೆ ಹೊರಟಿತು, ಮೊದಲಿನ ಹಾಗೆ ಹಾರಲಿಲ್ಲ. ಇವರ ಮುಖ ಅರಳಿತು. ದಾರಿಯೊಳಗೆ ಹೋಗುತ್ತಲೇ ಅದು ಅತ್ತಿತ್ತ ತೊನೆಯತೊಡಗಿತು. ತೋಪಿನ ತುದಿ, ಚಳಿ ಹಿಡಿದವರ ಗಲ್ಲದ ಹಾಗೆ, ಸಣ್ಣಗೆ ಅದುರುತ್ತಿತ್ತು. ಒಂದು ಇಟ್ಟಿಗೆ ಉರುಳಿತು. ಇನ್ನೊಂದು.

"ಗೇರು ಇನ್ನೂ ಕೂತಿಲ್ಲ," ಎಂದರು. "ಏನೋ ಸಡಿಲ ಅದ. ಮಾಂತೂ, ನೀ ಹಿಡಿ, ನಾ ಹತ್ರದಿಂದ ನೋಡ್ತೀನಿ."

ಮಾಂತು ರಿಮೋಟು ಹಿಡಿದ. ಇವರು ಟ್ಯಾಂಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಪಟ್ಟಿ ಕಟ್ಟಿದ ಕೈಯಿಂದಲೇ ಅವನು ಓಡಿಸಿದ. ಟ್ಯಾಂಕು ಇಟ್ಟಿಗೆಗಳ ನಡುವೆ ಗೆರೆ ಎಳೆದ ಹಾಗೆ ಹೋಯಿತು. ತಿರುಗಿತು, ಮರಳಿ ಬಂತು. ತೋಪು ಇವರ ಮುಖಕ್ಕೆ ನೇರವಾಗಿ ಬಂದು ನಿಂತಿತು. ಅಲುಗಲಿಲ್ಲ.

"ತುಪ್ಪದಾಗ ಓಡಿದಂಗ ಓಡ್ತದಲ್ರೀ ಅಣ್ಣಾ!"

ಇವರು ಎದ್ದರು. ರಿಮೋಟು ಇಸಿದುಕೊಂಡರು. ಟ್ಯಾಂಕು ಮತ್ತೆ ತೊನೆಯಿತು. ನಿಲ್ಲಿಸಿದರು. ಹೆಬ್ಬೆರಳನ್ನು ಹಿಡಿಕೆಯ ಮೇಲೇ ಇಟ್ಟುಕೊಂಡು, ಟ್ಯಾಂಕನ್ನಲ್ಲ, ಬೆರಳನ್ನು ನೋಡಿದರು. ಎಷ್ಟೋ ಹೊತ್ತು ನೋಡಿದರು ಎಂದು ನನಗನಿಸಿತು.

"ಅಣ್ಣಾ, ನಿಮಗ ಹಳೇ ಸೆಟ್ಟಿನ ಚಾಳಿ ಬಿದ್ದದ. ಅವಸರಾ ಮಾಡ್ತೀರಿ," ಎಂದ ಮಾಂತು.

"ಹೌದಪ್ಪಾ," ಎಂದು ಇವರು ನಕ್ಕರು. "ಚಾಳಿ." ನನ್ನ ಕಡೆ ನೋಡಲಿಲ್ಲ. ನಾನು ಒಣಗಿದ ಬಟ್ಟೆ ತೆಗೆಯುವವಳಂತೆ ತಂತಿಯ ಹತ್ತಿರ ನಿಂತಿದ್ದೆ.

ಮಾಂತು ಹೋದ ಮೇಲೆ ಇವರು ಟ್ಯಾಂಕನ್ನು ಒರೆಸಿ ಡಬ್ಬಿಯೊಳಗಿಟ್ಟರು. ಊಟದ ಹೊತ್ತಿಗೆ ಮಾತು ಬರಬಹುದು ಎಂದು ಕಾದೆ. ಇವರು ಎಡಗೈಯಲ್ಲಿ ನೀರಿನ ಲೋಟ ಎತ್ತಿದರು.

"ಛಲೋ ಅದ ಸೆಟ್ಟು," ಎಂದರು. "ರೊಕ್ಕ ದಂಡ ಆಗಲಿಲ್ಲ."

ಅಷ್ಟೇ. ಆ ಮಾತಿನ ಅರ್ಥವೇನೆಂದು ನಾನು ಒಳಗೇ ಹಿಂದೆಮುಂದೆ ಮಾಡಿದೆ. ತಿಳಿದುಕೊಂಡು ಹೇಳಿದ್ದೋ, ತಿಳಿದದ್ದನ್ನು ಮುಚ್ಚಲು ಹೇಳಿದ್ದೋ? ಇಪ್ಪತ್ತು ವರ್ಷ ಹತ್ತಿದ ಕ್ರೇನಿನ ಏಣಿಯನ್ನು ಮರುದಿನವೂ ಹತ್ತಿಬಿಡುವುದು ಸುಲಭ. ಇನ್ನೊಂದು ವಾರ ನೋಡೋಣ ಎಂದು ಯಾರಾದರೂ ಅಂದುಕೊಂಡಾರು. ಆ ಒಂದು ವಾರ ಮಾಂತು ಕೆಳಗೆ ನಿಲ್ಲುತ್ತಾನೆ. ನಾನು ಮನಸ್ಸಿನಲ್ಲಿ ಒಂದು ಗಡುವು ಹಾಕಿಕೊಂಡೆ. ಬೆಳಿಗ್ಗೆ ಏನೂ ಹೇಳದೆ ಊಟದ ಡಬ್ಬಿ ಹಿಡಿದು ಬಸ್ಸು ಹತ್ತಿದರೆ, ಮಾಂತುವಿಗೆ ನಾನೇ ಫೋನ್ ಮಾಡುತ್ತೇನೆ. ಇವರು ನನ್ನನ್ನು ಮುಂದೆ ಎಂದೂ ಕ್ಷಮಿಸದಿದ್ದರೂ ಸರಿ.

ಬೆಳಿಗ್ಗೆ ಇವರು ಏನೂ ಹೇಳಲಿಲ್ಲ. ಬೂಟು ಕಟ್ಟಿಕೊಂಡರು, ಲೇಸು ಎರಡು ಸಲ ಜಾರಿತು. ಡಬ್ಬಿ ಕೊಟ್ಟೆ, ಎಡಗೈಯಲ್ಲಿ ತೆಗೆದುಕೊಂಡರು.

"ಬರ್ತೀನಿ."

"ಹೂಂ ರೀ." ಹೊಸ್ತಿಲಲ್ಲಿ ಕಾದೆ. ಇವರು ಮೆಟ್ಟಿಲಿಳಿದು ಹೋದರು. ಕಂಪನಿ ಬಸ್ಸು ಸಿಗ್ನಲ್ಲಿನ ಕಡೆಯಿಂದ ಬರುವ ಹೊತ್ತಾಗಿತ್ತು.

ಮೊಬೈಲು ತೆಗೆದು ಮಾಂತುವಿನ ನಂಬರ್ ಒತ್ತಿದೆ. ಲೈನ್ ಬಿಜಿ ಇದೆ ಎಂದು ಮರಾಠಿಯಲ್ಲಿ ಹೆಂಗಸಿನ ಧ್ವನಿ ಹೇಳಿತು. ಮತ್ತೆ ಒತ್ತಿದೆ. ಬಿಜಿ. ಬೆಳಗಿನ ಭಟ್ಟಿ ಎಷ್ಟು ಹೊತ್ತಿಗೆ ತೆರೆಯುತ್ತಾರೆ ಎಂದು ನಾನು ಎಂದೂ ಕೇಳಿರಲಿಲ್ಲ. ಭಟ್ಟಿಯ ಬಳಿ ಹೋದರೆ ಅವನು ಫೋನು ಪೆಟ್ಟಿಗೆಯಲ್ಲಿಟ್ಟು ಹೋಗುತ್ತಾನೆಂಬುದು ಗೊತ್ತಿತ್ತು. ಮತ್ತೆ ಒತ್ತಿದೆ. ಹೇಳಬೇಕಾದ ಮಾತು ಬಾಯಲ್ಲಿ ಸಿದ್ಧವಿತ್ತು: ಅಣ್ಣನ ಕೈ ನಡುಗುತ್ತದೆ, ಕೆಳಗೆ ನಿಲ್ಲಬೇಡ. ಇಷ್ಟು ಸಣ್ಣ ಮಾತು, ಇಷ್ಟು ದಿನ ಹೇಳಲಾಗದೆ ಉಳಿದದ್ದು.

ಈ ಸಲ ರಿಂಗಾಯಿತು.

"ಹಾಂ ವೈನಿ, ಹೇಳ್ರಿ. ಅಣ್ಣಾನ ಜೋಡೀನ ಮಾತಾಡ್ಲಿಕ್ಕೆ ಹತ್ತಿದ್ದೆ."

ಸಿದ್ಧವಿದ್ದ ಮಾತನ್ನು ಬಿಟ್ಟು ಕೇಳಿದೆ: "ಏನಂದ್ರು?"

"ಮೊಣಕಾಲು ಹಿಡದಾವಂತಲ್ರಿ. ಇನ್ನ ಏಣಿ ಹತ್ತೂದಿಲ್ಲ, ಸಾಹೇಬರಿಗೆ ಹೇಳಿ ಕೆಳಗ ಸ್ಟೋರಿನ್ಯಾಗ ಕೆಲಸಾ ಕೇಳ್ತೀನಿ ಅಂದ್ರು. ಇವತ್ತ ಇನ್ನೊಬ್ಬ ಆಪರೇಟರ್ ಲಾಲಪ್ಪನ್ನ ಕ್ರೇನಿಗೆ ಹತ್ತಸು, ನಾ ಬರೂತನಾ ಲ್ಯಾಡಲ್ ಎತ್ತಬ್ಯಾಡ್ರಿ ಅಂತ ಎರಡು ಸಲ ಹೇಳಿದ್ರು. ನಿನ್ನೆ ಗಚ್ಚೀಗೆ ಜಿಗದಾಡಿ ಹತ್ತಿದ್ರಲ್ಲ ವೈನಿ, ಒಮ್ಮೆಲೆ ಏನಾತು?"

ಕೆಳಗೆ ಬಸ್ಸಿನ ಹಾರ್ನ್ ಕೇಳಿತು. ಬಾಲ್ಕನಿಗೆ ಬಂದೆ. ಇವರು ಬಲಗೈ ಜೇಬಿನಲ್ಲಿಟ್ಟು, ಎಡಗೈಯಲ್ಲಿ ಕಂಬಿ ಹಿಡಿದು ಬಸ್ಸು ಹತ್ತುತ್ತಿದ್ದರು. ಮೊಣಕಾಲಿಗೆ ಏನೂ ಆಗಿರಲಿಲ್ಲ.

"ವೈನಿ? ಅದೀರೇನ್ರಿ? ನೀವ್ಯಾಕ ಫೋನ್ ಮಾಡಿದ್ರಿ?"

"ಅದನ್ನ ಹೇಳ್ಲಿಕ್ಕೆ ಮಾಡಿದ್ದೆ," ಎಂದೆ. "ಭಾಳ ದಿನದಿಂದ ಅದ ಮೊಣಕಾಲು ನೋವು. ಯಾರಿಗೂ ಹೇಳಿದ್ದಿಲ್ಲ ಅವರು. ಏಣಿ ಹತ್ತಗೊಡಬ್ಯಾಡ, ಅವರಾಗೇ ಹತ್ತತೀನಿ ಅಂದ್ರೂ."

"ಹತ್ತಗೊಡಂಗಿಲ್ಲ ಬಿಡ್ರಿ. ಎಣ್ಣಿ ತಿಕ್ಕಿ ಬಿಸಿನೀರು ಹಾಕ್ರಿ."

"ಹೂಂ. ಕೈ ಹೆಂಗದ ನಿಂದು?"

"ಒಣಗೇದ್ರಿ."

ಫೋನು ಇಟ್ಟೆ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಡಾಕ್ಟರ ಹತ್ತಿರ ಹೋಗಬೇಕು. ಯಾವ ಡಾಕ್ಟರು ಎಂದು ಇವರೇ ಹೇಳಲಿ, ನಾನು ಜೊತೆಗೆ ಹೋಗುತ್ತೇನೆ. ಸಂಜೆ ಬಂದಾಗ ಮೊಣಕಾಲು ಎಂದರೆ ಮೊಣಕಾಲೇ, ಎಣ್ಣೆ ಬಿಸಿ ಮಾಡಿ ಕೊಡುತ್ತೇನೆ. ಗಚ್ಚಿಯ ಮೇಲೆ ನಾನು ಕಂಡದ್ದನ್ನು ಯಾರಿಗೂ ಹೇಳಬಾರದೆಂದು ಅಲ್ಲೇ ನಿಂತು ಗಟ್ಟಿಮಾಡಿಕೊಂಡೆ. ಮಾಂತುವಿಗೂ ಇಲ್ಲ, ಊರಿನವರಿಗೂ ಇಲ್ಲ, ಇವರಿಗೂ ಇಲ್ಲ.