ಹಳೇ ಬಿಳಿಯ ಸಿಹಿ

ಹೊಕ್ಕುಳಿನ ಸುತ್ತ ನೋವು ಮತ್ತೆ ಹಿಡಿದುಕೊಂಡಾಗ ಬಣ್ಣದಕ್ಕನ ಕೈಯಲ್ಲಿ ಹೆರೆಯುವ ಅಲಗಿತ್ತು, ಮುಂದೆ ಹಳೇ ನ್ಯಾಯಾಲಯದ ಕಿಟಕಿಯ ಬಾಗಿಲು. ಒದ್ದೆ ಬಟ್ಟೆ ಹಿಂಡಿದ ಹಾಗೆ ಒಳಗೆ ಯಾರೋ ಹಿಂಡುತ್ತಿದ್ದರು. ಅವಳು ಅಲಗು ಕೆಳಗಿಡಲಿಲ್ಲ. ಮೇಜಿನ ಅಂಚಿಗೆ ಹೊಟ್ಟೆಯನ್ನು ಒತ್ತಿ ನಿಂತು, ಹಲ್ಲು ಕಚ್ಚಿ, ಹಿಡಿದ ಪಟ್ಟಿಯನ್ನು ಕೊನೆಯವರೆಗೂ ಹೆರೆದು ಮುಗಿಸಿದಳು.

"ಮತ್ತೆ ಬಂತಾ ಅಕ್ಕಾ?" ಪಕ್ಕದ ಮೇಜಿನಿಂದ ಪಟಾಕಿ ಕೇಳಿದಳು. ಬಾಯಿ ತೆರೆದರೆ ನಿಲ್ಲಿಸದ ಹುಡುಗಿಗೆ ಕಾರ್ಖಾನೆಯವರು ಇಟ್ಟ ಹೆಸರು ಅದು. ಮದುವೆಯಾಗಿ ವರ್ಷವಾಗಿತ್ತು, ಈಗ ನಾಲ್ಕು ತಿಂಗಳ ಬಸುರಿ.

"ಬಂತು, ಹೋಗುತ್ತೆ. ನೀನು ಕೆಲಸ ನೋಡು."

ಹೆಸರು ಬಣ್ಣದಕ್ಕ ಎಂದಾದರೂ ಅವಳು ಬಣ್ಣ ಹಚ್ಚುವವಳಲ್ಲ, ಕಳಚುವವಳು. ಹಳೇ ಕಟ್ಟಡಗಳ ಬಾಗಿಲು, ಕಿಟಕಿ, ಮೆಟ್ಟಿಲಿನ ಕಟಕಟೆ ಅವಳ ಮೇಜಿಗೆ ಬರುತ್ತಿದ್ದವು. ಬಿಸಿಗಾಳಿ ಊದಿ, ಹೆರೆದು, ಉಪ್ಪುಕಾಗದ ತಿಕ್ಕಿ, ಏಳೆಂಟು ಪದರದ ಕೆಳಗೆ ಅಡಗಿದ ಮರವನ್ನು ಗಾಯವಾಗದಂತೆ ಹೊರಗೆ ತರುತ್ತಿದ್ದಳು. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಕೆತ್ತನೆಯ ಮೂಗನ್ನೂ ಮುರಿದವಳಲ್ಲ. ಬಸ್ಸು ಓಡಿಸಿ ನಿವೃತ್ತನಾಗಿದ್ದ ಗಂಡ ನೆಂಟರ ಮುಂದೆ ಹೇಳುವುದಿತ್ತು: "ನಮ್ಮೋಳ ಹತ್ರ ಹುಷಾರಾಗಿರಿ. ಎಲ್ಲರ ಬಣ್ಣ ಬಯಲು ಮಾಡೋದೇ ಅವಳ ಕಸುಬು."

ಈ ನೋವಿಗೂ ಅವನ ಬಳಿ ಮಾತಿತ್ತು. "ಯಾರ ಮೇಲೆ ಹೊಟ್ಟೆಕಿಚ್ಚೇ ನಿಂಗೆ?" ಎಂದು ಮೊದಲ ತಿಂಗಳು ನಕ್ಕ. ಮೂರನೆಯ ತಿಂಗಳಿಗೆ ನಗು ನಿಂತಿತ್ತು. ಅತ್ತಿಗೆ ಹೊಕ್ಕುಳು ಜಾರಿದೆ ಎಂದಳು. ಬೀದಿಯ ವೈದ್ಯರು ಗ್ಯಾಸು ಎಂದು ಗುಲಾಬಿ ಬಣ್ಣದ ಔಷಧಿ ಕೊಟ್ಟರು. ದೊಡ್ಡ ಆಸ್ಪತ್ರೆಯವರು ಅಪೆಂಡಿಕ್ಸ್ ಇರಬಹುದು, ಹುಣ್ಣಿರಬಹುದು, ಪಿತ್ತಕೋಶದ ಕಲ್ಲಿರಬಹುದು ಎಂದು ಒಂದೊಂದಾಗಿ ನೋಡಿ, ಏನೂ ಇಲ್ಲವೆಂದು ಫೈಲು ಕೈಗಿತ್ತರು. "ವಯಸ್ಸಾಯ್ತು, ಚಿಂತೆ ಕಡಿಮೆ ಮಾಡಿ" ಎಂದರು. ತನಗಿರುವ ಒಂದೇ ಚಿಂತೆ ಈ ನೋವು ಎಂದು ಹೇಳಬೇಕೆಂದುಕೊಂಡು ಹೇಳದೆ ಬಂದಿದ್ದಳು.

ಆ ವಾರ ಗಂಡನೇ ಹಟ ಹಿಡಿದು ಅವಳನ್ನು ಹೊಸ ಡಾಕ್ಟರಮ್ಮನ ಬಳಿ ಕರೆದೊಯ್ದ. ಡಾಕ್ಟರಮ್ಮ ಹೊಟ್ಟೆಯನ್ನು ನಾಲ್ಕು ಕಡೆ ಒತ್ತಿದಳು, ಫೈಲನ್ನು ಮೊದಲಿನಿಂದ ಓದಿದಳು.

"ಕಕ್ಕಸಿಗೆ ಸರಿಯಾಗಿ ಹೋಗ್ತೀರಾ?"

"ಮೂರು ದಿನಕ್ಕೊಂದು ಸಲ. ಅದೂ ಕಷ್ಟಪಟ್ಟು."

"ತಂಗಿ ಮನೇಲಿ ಹದಿನೈದು ದಿನ ಇದ್ದಾಗ ನೋವು ಕಡಿಮೆಯಿತ್ತು ಡಾಕ್ಟ್ರೇ," ಎಂದ ಗಂಡ. "ಬಂದ ವಾರಕ್ಕೇ ಶುರುವಾಯ್ತು."

"ಹೌದಾ? ಕೆಲಸ ಏನು ಮಾಡ್ತೀರಾ ಅಮ್ಮ?"

ಇಷ್ಟು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ. ಬಣ್ಣದಕ್ಕ ನೆಟ್ಟಗೆ ಕುಳಿತಳು. ಹೊರಗೆ ಜನ ಕಾಯುತ್ತಿದ್ದಾರೆಂಬುದನ್ನೂ ಮರೆತು ಹೇಳಿದಳು: ಯಾವ ಮರಕ್ಕೆ ಎಷ್ಟು ಶಾಖ, ಕೆತ್ತನೆಯ ಸಂದಿಗೆ ಯಾವ ಅಲಗು, ಮೇಲಿನ ಹಸಿರು ಬಣ್ಣ ಹೇಗೆ ಹಾಳೆಯಂತೆ ಏಳುತ್ತದೆ, ಅದರ ಕೆಳಗಿನ ಕಂದು ಹೇಗೆ ಹಟ ಮಾಡುತ್ತದೆ.

"ಎಲ್ಲಕ್ಕಿಂತ ಕೆಳಗೆ ಹಳೇ ಬಿಳಿ ಇರುತ್ತೆ ಡಾಕ್ಟ್ರಮ್ಮ. ಅದನ್ನ ಕಣ್ಣಲ್ಲಿ ಗುರುತಿಸೋದು ಕಷ್ಟ. ನಾನು ಒಂಚೂರು ಪುಡಿ ನಾಲಗೆಗಿಟ್ಟು ಹೇಳ್ತೀನಿ. ಸಿಹಿ ಇದ್ರೆ ಹಳೇದು. ನಮ್ಮ ಮಾಲೀಕರಿಗೂ ಈ ವಿದ್ಯೆ ಬರಲ್ಲ."

ಡಾಕ್ಟರಮ್ಮನ ಪೆನ್ನು ನಿಂತಿತು. "ಸಿಹಿಯಾ?"

"ಹ್ಞೂಂ. ಸಕ್ಕರೆ ಅಷ್ಟಲ್ಲ, ಆದ್ರೆ ಸಿಹಿ."

"ಅಮ್ಮ, ಅದು ಸೀಸ," ಎಂದಳು ಡಾಕ್ಟರಮ್ಮ ಮೆಲ್ಲಗೆ. "ಹಳೇ ಕಾಲದ ಬಿಳಿ ಬಣ್ಣಕ್ಕೆ ಸೀಸ ಹಾಕ್ತಿದ್ರು. ಧೂಳಲ್ಲಿ, ಹೊಗೇಲಿ ಒಳಗೆ ಹೋಗುತ್ತೆ. ಹೊಕ್ಕುಳ ಸುತ್ತ ಹಿಂಡೋ ನೋವು ಅದರಿಂದಲೇ ಇರಬಹುದು. ರಕ್ತ ನೋಡೋಣ."

ನಾಲ್ಕನೆಯ ದಿನ ಫಲಿತಾಂಶ ಬಂತು. ಇರಬಾರದ ಮಟ್ಟಕ್ಕಿಂತ ಎಷ್ಟೋ ಪಟ್ಟು ಮೇಲಿತ್ತು. ಚಿಕಿತ್ಸೆಯಿದೆ, ಆದರೆ ಮೊದಲು ಆ ಕೆಲಸ ಬಿಡಬೇಕು, ಕನಿಷ್ಠ ಮೂರು ತಿಂಗಳು.

ಮನೆಗೆ ಬಂದವಳು ಚಪ್ಪಲಿ ಕಳಚದೆ ಹೊಸ್ತಿಲಲ್ಲೇ ಕುಳಿತಳು. ಕಲ್ಲು ಸಿಕ್ಕಿದ್ದರೆ, ಹುಣ್ಣು ಸಿಕ್ಕಿದ್ದರೆ ಇಷ್ಟು ನೋಯುತ್ತಿರಲಿಲ್ಲ. "ಹೊಟ್ಟೆಪಾಡಿಗೆ ಅಂತ ಮಾಡಿದ ಕೆಲಸ ಹೊಟ್ಟೆಗೇ ಬಂತಲ್ಲ," ಎಂದಳು. ನಾಲಗೆಯ ವಿದ್ಯೆಯೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದು ನೆನಪಾಗಿ ಮುಖ ಬಿಸಿಯಾಯಿತು. ಗಂಡ ನೀರು ತಂದುಕೊಟ್ಟು ಪಕ್ಕದಲ್ಲಿ ಕುಳಿತ.

ನೀರು ಕುಡಿದು ಲೋಟ ಕೆಳಗಿಟ್ಟವಳು ತಟ್ಟನೆ ಕೇಳಿದಳು: "ಕಡ್ಡಿಗೂ ಹೊಟ್ಟೆನೋವು ಅಲ್ವೇನ್ರಿ?"

ಕಡ್ಡಿ ಅವಳ ಜೊತೆಗೇ ಕೆಲಸಕ್ಕೆ ಸೇರಿದವನು. ವರ್ಷದಿಂದ ವರ್ಷಕ್ಕೆ ಸೊರಗುತ್ತ, ಊಟದ ಹೊತ್ತಿಗೆ ಕಿಟಕಿಯ ಬಳಿ ಹೊಟ್ಟೆ ಹಿಡಿದು ಕೂರುತ್ತಿದ್ದ. ಗ್ಯಾಸು ಎಂದು ಅವನೂ ಅದೇ ಗುಲಾಬಿ ಔಷಧಿ ಕುಡಿಯುತ್ತಿದ್ದ. ಅವನ ಹಿಂದೆಯೇ ಪಟಾಕಿಯ ಮುಖ ಕಣ್ಣಿಗೆ ಕಟ್ಟಿತು. ನಾಲ್ಕು ತಿಂಗಳು.

ಮರುದಿನ ಬೆಳಗ್ಗೆ ಕಾರ್ಖಾನೆಯಲ್ಲಿ ಎಲ್ಲರಿಗಿಂತ ಮೊದಲು ಅವಳಿದ್ದಳು. ಪಟಾಕಿ ಒಳಗೆ ಕಾಲಿಡುವ ಮೊದಲೇ ಬಾಗಿಲಲ್ಲಿ ತಡೆದು, "ನೀನು ಇವತ್ತಿಂದ ಈ ಕೋಣೆಗೆ ಬರಬೇಡ. ಕಡ್ಡಿ ಜೊತೆ ಆಸ್ಪತ್ರೆಗೆ ಹೋಗು, ರಕ್ತ ಕೊಟ್ಟು ಬಾ" ಎಂದಳು. ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹಿಂದೆ ಸರಿದಳು.

ಮಾಲೀಕ ಓಡಿಬಂದ. "ಏನಕ್ಕಾ ಇದು? ಮೂವತ್ತು ವರ್ಷದಿಂದ ಏನೂ ಆಗಿಲ್ಲ. ನೀನು ರಜ ತಗೋ, ಹಾಲು ಕುಡಿ, ಬೇಡ ಅಂದೋರ್ಯಾರು? ಅವರನ್ನ ಯಾಕೆ ಹೆದರಿಸ್ತೀಯಾ? ತಿಂಗಳ ಕೊನೆಗೆ ನಲವತ್ತು ಕಿಟಕಿ ಕೊಡಬೇಕು."

"ಏನೂ ಆಗಿಲ್ಲ ಅಲ್ಲ ಸಾರ್. ಯಾರೂ ಕೇಳಲಿಲ್ಲ."

"ಹಾಗಾದ್ರೆ ಬೇರೆ ಜನ ತರ್ತೀನಿ."

"ತನ್ನಿ." ಅವಳ ದನಿ ಏರಲಿಲ್ಲ. "ನ್ಯಾಯಾಲಯದವರು ಕಿಟಕಿ ಕಳಿಸಿದ್ದು ನಿಮ್ಮ ಬೋರ್ಡು ನೋಡಿ ಅಲ್ಲ, ನನ್ನ ಕೈ ನೋಡಿ. ಆ ಕೈ ಹೇಳ್ತಿದೆ, ಒಣಗಿದ್ದನ್ನ ಉಜ್ಜಲ್ಲ, ಸುಟ್ಟು ತೆಗೆಯಲ್ಲ. ನೆನೆಸಿ ತೆಗೆಯೋ ದ್ರವ ಇದೆ, ಸರಿಯಾದ ಮುಖವಾಡ ಇದೆ, ಬಟ್ಟೆ ಬದಲಾಯಿಸೋಕೆ ಒಂದು ಕೋಣೆ ಸಾಕು. ಡಾಕ್ಟ್ರಮ್ಮ ಪಟ್ಟಿ ಬರೆದುಕೊಟ್ಟಿದ್ದಾರೆ. ಅದು ಬರೋವರೆಗೆ ಈ ಮೇಜನ್ನ ಯಾರೂ ಮುಟ್ಟಲ್ಲ."

ಮಾಲೀಕ ಕೂಗಾಡಿದ. ನಾಲ್ಕು ದಿನ ಕೋಣೆಗೆ ಬೀಗ ಬಿತ್ತು. ಐದನೆಯ ದಿನ ಬೀಗ ತೆಗೆದು ಮಾಲೀಕ ಬೇರೆ ಕಡೆಯಿಂದ ಕರೆತಂದ ಇಬ್ಬರು ಒಂದೇ ಮಧ್ಯಾಹ್ನದಲ್ಲಿ ಕೆತ್ತನೆಯ ಎರಡು ಎಲೆ ಮುರಿದರು. ಅಷ್ಟರಲ್ಲಿ ಕಡ್ಡಿಯ ರಕ್ತದ ಫಲಿತಾಂಶ ಬಂತು. ಅವಳಿಗಿಂತ ಹೆಚ್ಚಿತ್ತು. ಪಟಾಕಿಯದು ತೀರಾ ಕಡಿಮೆ, ಈಗಲೇ ದೂರ ಉಳಿದರೆ ಭಯಪಡಬೇಕಾಗಿಲ್ಲ ಎಂದಳು ಡಾಕ್ಟರಮ್ಮ. ಕಡ್ಡಿಯ ಕಾಗದವನ್ನು ಎರಡು ಸಲ ಓದಿದ ಮಾಲೀಕ ಪಟ್ಟಿ ಎಲ್ಲಿ ಎಂದು ಕೇಳಿದ. ನ್ಯಾಯಾಲಯದವರು ನಾಲ್ಕು ತಿಂಗಳು ಹೆಚ್ಚಿಗೆ ಕೊಟ್ಟರು. ಪಟಾಕಿ ಆಚೆ ಕಟ್ಟಡದ ಕಚೇರಿಗೆ ಹೋಗಿ ಫೋನಿನಲ್ಲಿ ಗಿರಾಕಿಗಳ ತಲೆ ತಿನ್ನತೊಡಗಿದಳು.

ಬಣ್ಣದಕ್ಕನ ನೋವು ಒಂದೇ ಸಲ ಹೋಗಲಿಲ್ಲ. ವಾರಕ್ಕೆರಡು ಸಲ ಬರುತ್ತಿದ್ದುದು ಒಂದು ಸಲವಾಯಿತು, ಆಮೇಲೆ ಒಂದು ತಿಂಗಳು ಬರಲೇ ಇಲ್ಲ. ನಾಲ್ಕನೆಯ ತಿಂಗಳು ಡಾಕ್ಟರಮ್ಮ ಒಪ್ಪಿದ ಮೇಲೆ ಅವಳು ಕೆಲಸಕ್ಕೆ ಮರಳಿದಳು. ಆ ದಿನ ಬೆಳಗ್ಗೆ ಗಂಡ ಅವಳ ಹೆಸರನ್ನು ದಪ್ಪಕ್ಷರದಲ್ಲಿ ಬರೆದು ಹೊಸ ಮುಖವಾಡದ ಪೆಟ್ಟಿಗೆಗೆ ಅಂಟಿಸಿಕೊಟ್ಟ.

ಕೋಣೆಯಲ್ಲಿ ಹೊಸದಾಗಿ ಬಂದ ಮೂವರು ಹೆಂಗಸರು ಅವಳ ಸುತ್ತ ನಿಂತರು. ಕೊನೆಯ ಕಿಟಕಿಯ ಮೇಲೆ ದ್ರವ ಸವರಿ, ಕಾಯಲು ಹೇಳಿ, ಅಲಗನ್ನು ಹೇಗೆ ಮಲಗಿಸಬೇಕೆಂದು ತೋರಿಸಿದಳು. ಒದ್ದೆ ಬಣ್ಣ ಸುರುಳಿ ಸುರುಳಿಯಾಗಿ ಎದ್ದು ಬಕೆಟ್ಟಿಗೆ ಬಿತ್ತು. ಒಬ್ಬಳು ಕೇಳಿದಳು: "ಕೆಳಗಿನ ಬಿಳಿ ಹಳೇದೋ ಹೊಸದೋ ಅಂತ ಹೇಗೆ ಗೊತ್ತಾಗುತ್ತೆ ಅಕ್ಕಾ?"

"ಗೊತ್ತಾಗಬೇಕಿಲ್ಲ. ಎಲ್ಲವೂ ಹಳೇದೇ ಅಂದ್ಕೊಂಡು ಕೆಲಸ ಮಾಡು."

ಹತ್ತು ಗಂಟೆಯ ಬಿಸಿಲು ಮೇಲಿನ ಗಾಜಿನಿಂದ ಒಳಗೆ ಬಂತು. ಬಣ್ಣದಕ್ಕ ತಲೆಯೆತ್ತಿದಳು. ಸೂರಿನಿಂದ ನೆಲದವರೆಗೆ ನಡುವೆ ಏನೂ ಕಾಣಲಿಲ್ಲ, ಹಿಂದಿನ ಹಾಗೆ ಧೂಳಿನ ಒಂದು ಕಣವೂ ಆಡುತ್ತಿರಲಿಲ್ಲ. ಕೆಳಗೆ, ತೊಳೆದ ನೆಲದ ಮೇಲೆ ಮಾತ್ರ ಬಿಸಿಲಿನ ಒಂದು ಚೌಕ ಬಿದ್ದಿತ್ತು.