ಕೋಳಿ ಕೂಗುವ ಮುಂಚಿನ ನೀರು

ಹೊಳೆಯ ಬಣ್ಣ ತಿರುಗಿದೆ ಎಂದು ಊರಿನಿಂದ ತೆಪ್ಪ ನಡೆಸುವ ಹುಲಿಗೇಶನ ಫೋನ್ ಬಂದಾಗ ಬೆಳಗಿನ ಒಂಬತ್ತು ದಾಟಿತ್ತು. ಕಣ್ಣು ತೋರಿಸಲು ರಾಯಚೂರಿಗೆ ಬಂದಿದ್ದ ಮಲ್ಲಯ್ಯ, ಮೊಮ್ಮಗಳು ವಿಶಾಖಾಳ ಆಫೀಸಿನಲ್ಲಿ ಬೆಂಚಿನ ಮೇಲೆ ಕೂತಿದ್ದ.

"ಯಪ್ಪಾ, ನೀರು ಕೆಂಪಗಾಗ್ಯಾವ. ನಿನ್ನ ಮೊಮ್ಮಗಳ ಕಂಪ್ಯೂಟರ್ ಡಬ್ಬಿ ನೀರೇ ಬಿಟ್ಟಿಲ್ಲ ಅಂತದ. ನಾ ಯಾರನ್ನ ನಂಬ್ಲಿ?"

"ಮಾನಮ್ಮ ಎಲ್ಲದಾಳ?"

"ನಡುಗಡ್ಡ್ಯಾಗ. ಮೆಸೇಜ್ ನೋಡೇ ಹೋದ್ಲು. ಆಕಿ ಕೂಡಿ ಮೂರು ಮಂದಿ ಮೇವು ಕೊಯ್ಯಾಕತ್ತಾರ. ತೆಪ್ಪ ಹಾಕ್ಲೋ, ಕಲ್ಲುಬಂಡಿ ಮ್ಯಾಲ ಹತ್ರಿ ಅಂತ ಹೇಳ್ಲೋ? ನಡು ಹೊಳ್ಯಾಗ ಸಿಕ್ಕರ ನಾಕೂ ಮಂದಿ ಹೋದ್ವಿ."

"ತಡಿ. ಫೋನ್ ಇಡಬ್ಯಾಡ."

ಮಾನಮ್ಮ ಮಲ್ಲಯ್ಯನ ಮಗಳು, ವಿಶಾಖಾಳ ತಾಯಿ. ಜಾಲಹಳ್ಳಿಯ ಆಚೆ, ಕೃಷ್ಣೆಯ ದಂಡೆಯ ಊರು ಅವರದು. ಮೇಲಿನ ಆಣೆಕಟ್ಟಿನಿಂದ ನೀರು ಬಿಟ್ಟರೆ ಆ ವಿವರ ಒಂದು ಸರ್ವರ್‌ಗೆ ಸೇರುತ್ತದೆ. ವಿಶಾಖಾ ಬರೆದ ಪ್ರೋಗ್ರಾಮ್ ಅರ್ಧ ತಾಸಿಗೊಮ್ಮೆ 'ಇವತ್ತಿನ ತಾರೀಖಿನದು ಕೊಡು' ಎಂದು ಅದನ್ನು ಕೇಳುತ್ತದೆ; ಸಿಕ್ಕ ಉತ್ತರವನ್ನು ದೇವದುರ್ಗ ತಾಲೂಕಿನ ದಂಡೆಯ ಊರುಗಳ ಫೋನುಗಳಿಗೆ ಕಳಿಸುತ್ತದೆ. ತಾಯಿಯನ್ನು ಗಡ್ಡೆಗೆ ಕಳಿಸಿದ್ದು ಮಗಳ ಮೆಸೇಜೇ.

ವಿಶಾಖಾ ಸರ್ವರನ್ನು ಮತ್ತೆ ಕೇಳಿದಳು. ಬರಿದು. ಇವತ್ತಿನ ಸೆಪ್ಟೆಂಬರ್ ಎಂಟು ಆಗಸ್ಟ್ ಒಂಬತ್ತೆಂದಾಗಿ, ದಿನ ತಿಂಗಳು ಅದಲುಬದಲಾಗಿರಬೇಕೆಂದು ವರ್ಷವನ್ನು ಮೊದಲಿಟ್ಟು ಬರೆದಳು. ಆಗಲೂ ಬರಿದು. ಕೊನೆಗೆ ತಾರೀಖಿನ ಷರತ್ತನ್ನೇ ಕಿತ್ತು ಹಾಕಿದಳು. ಸಾಲುಗಳು ದಬದಬನೆ ಸುರಿದವು. ಕಟ್ಟಕಡೆಯ ಸಾಲಿನಲ್ಲಿ ಗಡ್ಡೆ ಮುಳುಗುವಷ್ಟು ನೀರಿತ್ತು.

"ನಿನ್ನೆ ರಾತ್ರಿ ಹತ್ತು ಇಪ್ಪತ್ತಕ್ಕ ಬಿಟ್ಟಾರ ಮುತ್ಯಾ. ನಮ್ಮೂರಿಗೆ ಬರಾಕ ಆರು ತಾಸು. ನಸುಕಿನ್ಯಾಗೇ ಹಾದು ಹೋಗ್ಯದ ಬಿಡು."

"ಹಾದು ಹೋಗಿದ್ರ, ಮುಳುಗಿದ ಗಡ್ಡ್ಯಾಗ ನಿಮ್ಮವ್ವ ಹೆಂಗ ಇಳದಳು?"

ಫೋನಿನಲ್ಲಿ ಹುಲಿಗೇಶನ ಉಸಿರು ಕೇಳುತ್ತಿತ್ತು.

ಮೂವತ್ತು ವರ್ಷ ಮಲ್ಲಯ್ಯ ಹೊಳೆಯ ದಂಡೆಯ ಅಳತೆಗಲ್ಲು ನೋಡಿ ರಿಜಿಸ್ಟರಿಗೆ ಬರೆದವನು. ಕಲಿತದ್ದು ಅಂಕಿ, ತನ್ನ ಹೆಸರು, ಅಷ್ಟೇ. ಮೊದಲ ವರ್ಷ, ನಸುಕಿನ ಮೂರಕ್ಕೆ ಏರಿದ ನೀರನ್ನು ಹಿಂದಿನ ದಿನಕ್ಕೇ ಬರೆದಿದ್ದ. ಸೂರ್ಯ ಹುಟ್ಟದೆ ದಿನ ಎಲ್ಲಿಂದ ಹುಟ್ಟೀತು? ಅರ್ಧ ರಾತ್ರಿ ನುಂಗಿದೆಯಲ್ಲೋ ಎಂದು ಇಂಜಿನಿಯರ್ ಸಾಹೇಬರು ರಿಜಿಸ್ಟರ್ ಎಸೆದಿದ್ದರು.

"ಯವ್ವಾ," ಅಂದ. "ನಿನ್ನ ಡಬ್ಬಿನೂ ನನ್ನಂಗ ಓದು ಬಾರದ್ದೇನು? ಕೋಳಿ ಕೂಗೋ ಮುಂಚಿಂದು ನಿನ್ನೆಗೇ ಬರಿತದೇನು?"

ವಿಶಾಖಾ ಆ ಸಾಲಿನ ವೇಳೆಯನ್ನು ಮತ್ತೆ ಓದಿದಳು. ವೇಳೆಯ ಬಾಲಕ್ಕೆ 'Z' ಎಂಬ ಒಂಟಿ ಅಕ್ಷರ ಅಂಟಿಕೊಂಡಿತ್ತು. ದಿನಾ ಕಂಡದ್ದೇ, ನೋಡಿರಲಿಲ್ಲ.

"ಇದು ನಮ್ಮ ಗಡಿಯಾರ ಅಲ್ಲ ಮುತ್ಯಾ. ಗ್ರೀನ್‌ವಿಚ್‌ದು. ನಮಗ ಐದೂವರಿ ಆದಾಗ ಅದಕ್ಕ ತಾರೀಖು ಬದಲಾಗ್ತದ." ಐದೂವರೆ ತಾಸು ಕೂಡಿಸಿದಳು. "ಇವತ್ತು ನಸುಕಿನ್ಯಾಗ, ಮೂರು ಐವತ್ತಕ್ಕ ಬಿಟ್ಟಾರ."

ಮಲ್ಲಯ್ಯ ಬೆರಳಿನ ಗೆಣ್ಣು ಎಣಿಸಿದ. ಒಂಬತ್ತು ಐವತ್ತಕ್ಕೆ ಬರುತ್ತದೆ. ಗೋಡೆಯ ಗಡಿಯಾರದಲ್ಲಿ ಒಂಬತ್ತು ಹದಿನೈದು.

"ಹುಲಿಗೇಶಾ, ಹಾಕು ತೆಪ್ಪ! ಮೊದಲು ಬಣ್ಣ ಬರ್ತದ, ಆಮ್ಯಾಲ ಮೈ ಬರ್ತದ. ಅರ್ಧ ತಾಸು ಅದ. ಮಂದಿ ಅಷ್ಟ ತಾ, ಮೇವು ಮುಟ್ಟಬ್ಯಾಡ."

ಫೋನ್ ಹುಲಿಗೇಶನ ಜೇಬಿನಲ್ಲಿ ಹಾಗೇ ಉಳಿಯಿತು. ಹುಟ್ಟಿನ ಸಪ್ಪಳ ಬಹಳ ಹೊತ್ತು ಕೇಳಿತು. ಆಮೇಲೆ ಮಾನಮ್ಮನ ಬೈಗುಳ: "ಎರಡು ಹೊರಿ ಮೇವು ಕೊಯ್ದೀನಿ, ಬಿಟ್ಟು ಬಾ ಅಂತೀಯಲ್ಲೋ ಮೂಳಾ, ಎಮ್ಮಿಗೆ ನಿನ್ನ ತಲಿ ಹಾಕ್ಲೇನು?" ಮತ್ತೆ ಹುಟ್ಟು. ದಂಡೆಯ ಕಲ್ಲಿಗೆ ತೆಪ್ಪ ಉಜ್ಜಿದ ಸದ್ದು. ಅದರ ಹಿಂದೆಯೇ, ಗಾಳಿಯಲ್ಲದ ಒಂದು ಭೋರ್ಗರೆತ. ಮಾನಮ್ಮನ ಬೈಗುಳ ಅರ್ಧಕ್ಕೇ ನಿಂತಿತು.

"ಗಡ್ಡಿ ಕಾಣವಲ್ದು ಯಪ್ಪಾ," ಎಂದ ಹುಲಿಗೇಶ, ಮೆಲ್ಲಗೆ.

ವಿಶಾಖಾ ಎಲ್ಲ ಊರುಗಳಿಗೂ ಮೆಸೇಜ್ ಕಳಿಸಿ, ಪ್ರೋಗ್ರಾಮ್ ಸರಿಮಾಡಿ, ಅಳುತ್ತಲೇ ನಕ್ಕಳು. ಮಲ್ಲಯ್ಯ ನಗಲಿಲ್ಲ.

"ಪಂಚಮಿ ಮರುದಿನದ್ದು ಕೇಳು," ಅಂದ.

ಹೋದ ತಿಂಗಳು, ನಾಗರಪಂಚಮಿಯ ಮರುದಿನ, ಮೀನು ಹಿಡಿಯುವ ಹಫೀಜ್ ತೆಪ್ಪ ಮಗುಚಿ ಸತ್ತಿದ್ದ. ಅವತ್ತೂ ಬೆಳಿಗ್ಗೆ ನೀರಿಲ್ಲವೆಂದೇ ಮೆಸೇಜ್ ಬಂದಿತ್ತು. ತೆಪ್ಪದಲ್ಲಿ ನಿದ್ದೆ ಹೋದ ಎಂದು ಊರೆಲ್ಲ ಅಂದಿತ್ತು. ಅವನ ಹೆಂಡತಿ ಕುಬ್ರಾ ಬೇಗಂ ಎದುರಿಗೆ ಮಲ್ಲಯ್ಯನೂ ಅದನ್ನೇ ಅಂದು ಬಂದಿದ್ದ.

ವಿಶಾಖಾ ತಾರೀಖು ಒತ್ತಿದಳು. ಪರದೆಯ ಅಕ್ಷರ ಮಲ್ಲಯ್ಯನ ಕಣ್ಣಿಗೆ ಮಸುಕು. ಅವನು ಮೊಮ್ಮಗಳ ಮುಖವನ್ನೇ ನೋಡುತ್ತ ಕೂತ. ಅವಳು ಅದಕ್ಕೂ ಐದೂವರೆ ತಾಸು ಕೂಡಿಸಿದಳು, ಇತ್ತ ತಿರುಗದೆ ಮತ್ತೊಮ್ಮೆ ಕೂಡಿಸಿದಳು.