ಹೆಬ್ಬೆಟ್ಟಿನ ತಗ್ಗು

ಅಳತೆಯ ಡಯಲಿನ ಮುಳ್ಳು ನಿಂತಿತು, ಇಲ್ಲ, ಇನ್ನೂ ತುಸು ಅಲುಗುತ್ತಿದೆ, ಎರಡು ಗೆರೆ, ಮೂರು, ಈಗ ನಿಂತಿತು — ತೂಕದ ಬಿಲ್ಲೆಗಳನ್ನೆಲ್ಲ ಇಳಿಸಿಯಾಯಿತು, ಆದರೂ ಯಂತ್ರದ ಉಂಗುರದೊಳಗಿನ ಎರೆಮಣ್ಣು ಮೊದಲಿನ ಎತ್ತರಕ್ಕೆ ಏಳಲಿಲ್ಲ, ಏಳುವುದಿಲ್ಲವೆಂದು ಕರುಣಾಗೆ ಗೊತ್ತೇ ಇತ್ತು, ಎಂ.ಟೆಕ್‌ನಲ್ಲಿ ಎರಡು ವರ್ಷ ಓದಿದ್ದೇ ಅದನ್ನು, ಭಾರ ಇಳಿದ ಮೇಲೂ ಮಣ್ಣಿನಲ್ಲಿ ಉಳಿದುಹೋಗುವ ಕುಸಿತವನ್ನು, ಮೇಡಂ ರೀಡಿಂಗ್ ಬರ್ಕೊಂಡ್ರೇನ್ರಿ, ಕಾಲೇಜಿನ ಮಣ್ಣು ಪರೀಕ್ಷೆಯ ಲ್ಯಾಬಿನ ಸಹಾಯಕ ಅಬ್ದುಲ್ ಕರೀಮ್ ಕೇಳುತ್ತಿದ್ದಾರೆ, ನಿಮ್ಮವ್ವ ಹೋಗಿ ಇನ್ನಾ ಹದಿನಾರು ದಿನ ಆಗ್ಯಾವ, ಮನ್ಯಾಗ ಇರಬೇಕಿತ್ತಲ್ರಿ, ಬರ್ಕೊಂಡೀನಿ ಚಾಚಾ ಎನ್ನುತ್ತಾಳೆ, ಪೆನ್ನಿನ ಮುಚ್ಚಳವನ್ನೇ ತೆಗೆದಿಲ್ಲ, ಹೊರಗೆ ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿ ಹೋಗಿ ಕಿಟಕಿಯ ಗಾಜು ನಡುಗಿ ಸುಮ್ಮನಾಯಿತು, ಅಳು ಬರುತ್ತಿಲ್ಲ, ಅವ್ವನನ್ನು ಮಣ್ಣು ಮಾಡಿದ ದಿನವೂ ಬರಲಿಲ್ಲ.

ಈ ಮಣ್ಣು ಮಳಖೇಡದ ತಮ್ಮ ಹೊಲದ್ದು, ದೀಪಾವಳಿ ರಜೆಯಲ್ಲಿ ತೆಗೆದದ್ದು, ಕಬ್ಬಿಣದ ಕೊಳವೆ ಎಷ್ಟು ಒತ್ತಿದರೂ ನೆಲಕ್ಕಿಳಿಯಲೊಲ್ಲದು, ಸರಿ ಅತ್ತಾಗ, ನಾ ನಿಂದರ್ತೀನಿ, ನಿನಕಿಂತ ನನ್ನ ತೂಕ ಭಾಳ ಅದ, ಎಂದು ಅವ್ವ ಕೊಳವೆಯ ಮೇಲಿನ ಹಲಗೆ ಹತ್ತಿ ನಿಂತಳು, ಕಾಲು ಕಂಡದ್ದು ಆಗ, ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹುದುಗಿತ್ತು, ಯವ್ವಾ ಕಾಲು ಬಾತಾವಲ್ಲ, ಏ, ದಿನಾ ಸಾಲ್ಯಾಗ ಬಿಸಿಯೂಟ ಮಾಡ್ಕೋತ ನಿಂತೇ ಇರ್ತೀನಿ, ಅದಕ್ಕ ಬಾತಾವ, ಕರುಣಾ ಬದುವಿನ ಮೇಲೆ ಕೂತು ಅವ್ವನ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆಟ್ಟಿನಿಂದ ಒತ್ತಿದಳು, ಬಿಟ್ಟಳು, ತಗ್ಗು ಹಾಗೆಯೇ ಉಳಿಯಿತು — ಮತ್ತು ಅವಳಿಗೆ ಖುಷಿಯಾಯಿತು, ಹೌದು, ಖುಷಿ, ನೋಡವ್ವ, ನಾ ಓದಾಕತ್ತಿದ್ದು ಇದೇ, ಒತ್ತಿ ಬಿಟ್ಟರೂ ಹೊಳ್ಳಿ ಏಳಂಗಿಲ್ಲ, ಇದಕ್ಕ ಪ್ಲಾಸ್ಟಿಕ್ ಅಂತಾರ, ಅವ್ವ ಬಗ್ಗಿ ತನ್ನ ಕಾಲನ್ನೇ ಹೊಸದಾಗಿ ನೋಡಿದಳು, ನನ್ನ ಕಾಲಾಗೂ ನಿನ್ನ ಪಾಠ ಅದ ಅನ್ನು, ನಕ್ಕಳು, ಕರುಣಾಳೂ ನಕ್ಕಳು, ಆಮೇಲೆ ಕೊಳವೆಯ ಎರಡೂ ಬಾಯಿಗೆ ಮೇಣ ಹಚ್ಚಿ, ಒದ್ದೆ ಬಟ್ಟೆ ಸುತ್ತಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದಳು, ಮಣ್ಣು ಅಲುಗಬಾರದು, ಅಷ್ಟು ಜೋಪಾನ ಮಣ್ಣಿಗೆ, ಅವ್ವನನ್ನು ಮಾತ್ರ ಅದೇ ಬಸ್ಸು ಹತ್ತಿಸಿ ದವಾಖಾನೆಗೆ ಕರೆತರಬೇಕೆಂದು ಹೊಳೆಯಲೇ ಇಲ್ಲ.

ಎರಡು ತಿಂಗಳಾದ ಮೇಲೆ ದವಾಖಾನೆಯಲ್ಲಿ ಡಾಕ್ಟರು ಅವ್ವನ ಕಾಲಿನ ಅದೇ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದರು, ಕಿಡ್ನಿ ಎರಡೂ ಹೋಗ್ಯಾವ, ಹಿಂಗ ತಗ್ಗು ಬೀಳೂದು ಮನ್ಯಾಗ ಯಾರೂ ನೋಡಿಲ್ಲೇನು, ಕರುಣಾಳತ್ತ ತಿರುಗಿ ಕೇಳಿದರು, ಮಂಚದ ಮೇಲಿನಿಂದ ಅವ್ವನೇ, ಉಸಿರು ಹಿಡಿದು ಹಿಡಿದು, ಅಭಿಮಾನದಿಂದ, ನೋಡ್ಯಾಳ್ರಿ ಸಾಹೇಬ್ರ, ನನ್ನ ಮಗಳು ಭಾಳ ಓದ್ಯಾಳ, ಇದಕ್ಕ ಹೆಸರೂ ಹೇಳ್ಯಾಳ — ಮೇಡಂ, ಮಣ್ಣು ತೆಗೀಲೇನ್ರಿ, ಬ್ಯಾಡ ಚಾಚಾ, ಇನ್ನೊಂದೀಟು ಇರಲಿ, ಎದ್ದರೂ ಏಳಬಹುದು, ಏಳುವುದಿಲ್ಲ, ಮುಳ್ಳು ನಿಂತಲ್ಲೇ ನಿಂತಿದೆ, ಬದುವಿನ ಮೇಲೆ ಬಿಸಿಲು, ತೊಡೆಯ ಮೇಲೆ ಅವ್ವನ ಪಾದ, ಹೆಬ್ಬೆಟ್ಟು ಎತ್ತಿದ್ದಾಳೆ, ತಗ್ಗು, ಎತ್ತಿದ್ದಾಳೆ, ತಗ್ಗು ಹಾಗೆಯೇ ಇದೆ